ಇಂಗ್ಲಿಷ್ ಅಲಂಕಾರಗಳನ್ನು ಕನ್ನಡದ ಲಕ್ಷಣಗಳಿಂದಲೇ ಗುರುತಿಸುವ ಬಗೆ

ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮಗಳನ್ನು ಬಿಡಿಸಿ ಸಮನ್ವಯ ಬರೆಯಬಲ್ಲ ವಿದ್ಯಾರ್ಥಿಗಳೇ ‘ಫಿಗರ್ ಆಫ್ ಸ್ಪೀಚ್’ ಹೆಸರಿಸಬೇಕಾದಾಗ ತಡವರಿಸುತ್ತಾರೆ. ‘ಉಪಮಾಲೋಲ’ನೆಂದು ಹೆಸರಾದ, ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ಪದ್ಯಗಳಿಗೆ ನಾವು ಹಚ್ಚುವ ಲಕ್ಷಣಗಳು ಇಂಗ್ಲಿಷ್ ವಾಕ್ಯಕ್ಕೂ ಬಹುಮಟ್ಟಿಗೆ ಸಲ್ಲುತ್ತವೆ.

‘ಹರ್ ಹೇರ್ ಈಸ್ ಆ್ಯಸ್ ವೈಟ್ ಆ್ಯಸ್ ಕಾಫಿ ಬ್ಲಾಸಮ್’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಕೂದಲು ಉಪಮೇಯ, ಕಾಫಿ ಹೂ ಉಪಮಾನ, ಬಿಳುಪು ಸಮಾನಧರ್ಮ, ‘ಆ್ಯಸ್’ ವಾಚಕಪದ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ವೈಟ್’ ಬಿಟ್ಟು ‘ಲೈಕ್ ಕಾಫಿ ಬ್ಲಾಸಮ್’ ಎಂದರೆ ಲುಪ್ತೋಪಮೆಯಾಗುತ್ತದೆ, ಆದರೆ ಇಂಗ್ಲಿಷಿನಲ್ಲಿ ಎರಡಕ್ಕೂ ಸಿಮಿಲಿ ಎಂಬುದೊಂದೇ ಹೆಸರು. ‘ಐ ಲೈಕ್ ಕಾಫಿ’ ಎಂಬಲ್ಲಿ ‘ಲೈಕ್’ ಕೇವಲ ಕ್ರಿಯಾಪದವಾದ್ದರಿಂದ, ಮೊದಲು ಹೋಲಿಸಲ್ಪಟ್ಟ ಎರಡು ವಸ್ತುಗಳನ್ನು ಹುಡುಕಿ, ಆಮೇಲಷ್ಟೇ ವಾಚಕಪದವನ್ನು ನೋಡಬೇಕು. ವಾಚಕಪದವಿಲ್ಲದೆ ಎರಡೂ ಒಂದೇ ಎಂದು ಹೇಳಿದ್ದರೆ, ಉದಾಹರಣೆಗೆ ‘ಟೈಮ್ ಈಸ್ ಮನಿ’ ಎಂಬಲ್ಲಿ, ಅದು ರೂಪಕ, ಎಂದರೆ ಮೆಟಫರ್.

ಮಂಜು ಮುಳ್ಳಯ್ಯನಗಿರಿಗೆ ಮುತ್ತಿಟ್ಟಿತೆಂದರೆ, ಮನುಷ್ಯರಲ್ಲದ್ದಕ್ಕೆ ಮನುಷ್ಯರ ನಡೆಯನ್ನು ಆರೋಪಿಸುವ ಪರ್ಸಾನಿಫಿಕೇಶನ್. ತೋಟದ ಕೆಲಸಕ್ಕೆ ಇಪ್ಪತ್ತು ‘ಹ್ಯಾಂಡ್ಸ್’ ಬಂದರೆಂದರೆ, ಅಂಗದಿಂದ ಆಳನ್ನು ಸೂಚಿಸುವ ಸಿನೆಕ್ಡಕಿ. ಅಲಿಟರೇಶನ್ ನಮ್ಮ ಅನುಪ್ರಾಸಕ್ಕೆ ಹತ್ತಿರವಾದರೂ ಅಲ್ಲಿ ಮುಖ್ಯವಾಗಿ ಪದದ ಮೊದಲ ವ್ಯಂಜನಧ್ವನಿಯನ್ನು ಗಮನಿಸುತ್ತಾರೆ. ಅಕ್ಷರವನ್ನು ನಂಬುವಂತಿಲ್ಲ: ಕೆ ಅಕ್ಷರದಿಂದ ಆರಂಭವಾಗುವ ‘ನೈಫ್’ ಜೊತೆಗೂಡುವುದು ‘ನೋಸ್’ಗೆ, ‘ಕೈಟ್’ಗಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಪನ್ ವಿಷಯದಲ್ಲಿ. ಕನ್ನಡದ ‘ಕಾಡು’ ಅಡವಿಯೂ ಹೌದು, ಪೀಡಿಸು ಎಂಬ ಕ್ರಿಯೆಯೂ ಹೌದು; ಇಂಥ ಶ್ಲೇಷ ಇಂಗ್ಲಿಷಿನಲ್ಲೂ ಉಂಟು. ‘ಹಿ ಹ್ಯಾಡ್ ಗುಡ್ ಗ್ರೌಂಡ್ಸ್ ಟು ಥ್ರೋ ಔಟ್ ದ ಕಾಫಿ’ ಎಂಬಲ್ಲಿ ‘ಗ್ರೌಂಡ್ಸ್’ ಎಂದರೆ ಕಾರಣವೂ ಹೌದು, ಕಾಫಿಯ ಚರಟವೂ ಹೌದು. ಆದರೆ ನುಡಿದಂತೆ ಬರೆಯುವ ಕನ್ನಡದಲ್ಲಿ ಅಪರೂಪವಾದ ಇನ್ನೊಂದು ಬಗೆ ಇಂಗ್ಲಿಷಿನಲ್ಲಿ ಹೇರಳವಾಗಿದೆ: ಅಲ್ಲಿ ಕಾಗುಣಿತ ಬೇರೆ, ಉಚ್ಚಾರ ಒಂದೇ. ‘ದ ಪ್ಲಾಂಟರ್ ಹ್ಯಾಸ್ ಬೀನ್ ಬ್ಯುಸಿ’ ಎಂಬಲ್ಲಿ ‘ಬೀನ್’ ಪದವನ್ನು ಕಾಫಿ ಬೀಜದ ಕಾಗುಣಿತದಲ್ಲಿ ಬರೆದರೆ, ಕಣ್ಣಿಗೆ ಅದು ತಪ್ಪಾಗಿ ಕಂಡರೂ ಕಿವಿಗೆ ಎರಡು ಅರ್ಥ ಕೊಡುತ್ತದೆ. ಹೀಗಾಗಿ ಅನುಮಾನ ಬಂದ ವಾಕ್ಯವನ್ನು ಗಟ್ಟಿಯಾಗಿ ಓದಿ, ಸಿಕ್ಕ ಎರಡೂ ಅರ್ಥಗಳನ್ನು ಉತ್ತರದಲ್ಲಿ ಬಿಡಿಸಿ ಬರೆಯಬೇಕು. ಉಚ್ಚಾರ ಬದಲಾದರೆ ಶ್ಲೇಷವೂ ಸಡಿಲವಾಗುತ್ತದೆ: ಅಮೆರಿಕದಲ್ಲಿ ಹೆಚ್ಚಿನವರು ಆ ‘ಬೀನ್’ ಕ್ರಿಯಾಪದವನ್ನು ‘ಬಿನ್’ ಎಂದು ನುಡಿಯುವುದರಿಂದ ಈ ವಾಕ್ಯ ಅಲ್ಲಿ ಅಷ್ಟಾಗಿ ಸಲ್ಲದು.