ಸಂಜೆ ಆರರ ಮೇಲೆ ಮನೆಯಲ್ಲಿ ಒಬ್ಬರೇ ಇರುವವರಿಗೆ

ನನ್ನ ಹೆಂಡತಿ ತೀರಿಕೊಂಡು ಮೂರು ಮಳೆಗಾಲ ಆಯಿತು. ಕೊಡಗಿನ ಸೋಮವಾರಪೇಟೆ ಕಡೆ ತೋಟದ ಮನೆ ನಮ್ಮದು, ಪಕ್ಕದ ಮನೆಗೆ ಕಾಲು ಗಂಟೆ ನಡೆಯಬೇಕು. ನನ್ನ ಹಾಗೇ ಒಂಟಿಯಾದವರಿಗೆ ನನಗೆ ಉಪಯೋಗಕ್ಕೆ ಬಂದಿದ್ದನ್ನು ಹೇಳುತ್ತೇನೆ.

ಮೊದಲು ಸಂಜೆಗೆ ಒಂದು ದಾರಿ ಮಾಡಿಕೊಳ್ಳಿ. ಹಗಲು ಹೇಗೋ ಕಳೆಯುತ್ತದೆ. ಆಳುಗಳೆಲ್ಲ ಹೋದ ಮೇಲೆ, ಅದರಲ್ಲೂ ಜುಲೈಯಲ್ಲಿ ಮಳೆ ಬಿಡದೆ ಹೊಡೆಯುತ್ತಾ ಕರೆಂಟೂ ಹೋಗಿ ಕತ್ತಲಲ್ಲಿ ಕೂತಾಗ, ಮನೆ ತಿನ್ನೋಕೆ ಬರುತ್ತದೆ. ನಾನು ತಂಗಿಗೆ ನೇರವಾಗಿ ಹೇಳಿದೆ: "ದಿನಾ ಆರೂವರೆಗೆ ನೀನೇ ಫೋನ್ ಮಾಡಮ್ಮ, ನನಗೆ ಮಾಡೋಕೆ ಮನಸ್ಸು ಬರಲ್ಲ." ಅವತ್ತಿಂದ ತಪ್ಪಿಸಿಲ್ಲ. ಕೆಲವು ದಿನ ಎರಡೇ ನಿಮಿಷ, ಏನು ಸಾರು ಅಂತ ಕೇಳಿ ಇಡುತ್ತಾಳೆ. ಅಷ್ಟೇ ಸಾಕು. ನೀವೂ ಹೀಗೆ ಬಾಯಿಬಿಟ್ಟು ಕೇಳಿ. "ಏನಾದ್ರೂ ಬೇಕಾದ್ರೆ ಹೇಳಿ" ಅಂದವರಿಗೆ ನಿಮಗೇನು ಬೇಕು ಅಂತ ತಾನಾಗಿ ಗೊತ್ತಾಗುವುದಿಲ್ಲ.

ನಿದ್ದೆಗೆ ಒಂದು ಪೆಗ್ ಒಳ್ಳೆಯದು ಅನ್ನುವವರು ನಮ್ಮ ಕಡೆ ಇದ್ದೇ ಇರುತ್ತಾರೆ. ಬೇಡ. ನಡುರಾತ್ರಿ ಎಚ್ಚರ ಆಗುತ್ತದೆ, ಆಗಿನ ಸಂಕಟ ಇನ್ನೂ ಜಾಸ್ತಿ.

ಒಬ್ಬರಿಗೋಸ್ಕರ ಒಲೆ ಹಚ್ಚೋಕೆ ಮನಸ್ಸಾಗಲ್ಲ, ನಿಜ. ನಾನು ಎರಡು ತಿಂಗಳು ಕಾಫಿ, ಬಿಸ್ಕತ್ತಲ್ಲೇ ಇದ್ದು ಒಂದು ದಿನ ತೋಟದಲ್ಲಿ ತಲೆ ಸುತ್ತಿ ಬಿದ್ದೆ. ಗಂಜಿಯಾದರೂ ಕುಡಿಯಿರಿ. ಬಿಪಿ, ಶುಗರ್ ಮಾತ್ರೆ ನೆನಪು ಮಾಡುತ್ತಿದ್ದವರು ಹೋದವರೇ ಅಲ್ವಾ, ಈಗ ಅದನ್ನು ಕಣ್ಣಿಗೆ ಬೀಳುವ ಕಡೆ ಇಡಿ.

ಕಾಗದಪತ್ರದ ಕೆಲಸಕ್ಕೆ ಒಬ್ಬರೇ ಹೋಗಬೇಡಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಜಮೀನು ಅವರ ಹೆಸರಲ್ಲಿದ್ದರೆ ಪೌತಿ ಖಾತೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋದು, ಆಮೇಲೆ ಬ್ಯಾಂಕು. ಕೌಂಟರಿನವರು "ಸಂಬಂಧ ಏನು" ಅಂತ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ, ಜೊತೆಗಿದ್ದ ಭಾವನೇ ಉತ್ತರ ಕೊಟ್ಟರು. ಸೀರೆ, ಚಪ್ಪಲಿ, ಕನ್ನಡಕ ಮಾತ್ರ ನಿಮಗೆ ಅನಿಸುವ ತನಕ ಇದ್ದಲ್ಲೇ ಇರಲಿ, ಯಾರ ಮಾತಿಗೂ ಅವಸರ ಮಾಡಬೇಡಿ.

ಅಳು ಬಂದರೆ ಅತ್ತುಬಿಡಿ, ಗಂಡಸಾದರೂ. ಆದರೆ ಆರು ತಿಂಗಳು ಕಳೆದರೂ ಏಳೋಕೇ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಅವರ ಹಿಂದೆಯೇ ನಾನೂ ಹೋಗಿಬಿಡಬೇಕು ಅನ್ನೋ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಹತ್ತಿರದವರನ್ನು ಕರೆಸಿಕೊಳ್ಳಿ, 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಹಬ್ಬದ ದಿನಗಳು. ಅವನ್ನು ಮೊದಲೇ ಕ್ಯಾಲೆಂಡರಲ್ಲಿ ಗುರುತು ಹಾಕಿ, ಅವತ್ತು ಯಾರನ್ನಾದರೂ ಮನೆಗೆ ಕರೆಯಿರಿ. ನನಗೆ ಕಷ್ಟ ಆಗಿದ್ದು ಆಗಸ್ಟ್ 3, ಆಟಿ 18. ಆಟಿ ತಿಂಗಳ ಹದಿನೆಂಟನೇ ದಿನ ಅದು, ನಮ್ಮ ಕಡೆ ಅವತ್ತು ಮದ್ದು ಸೊಪ್ಪು ಅನ್ನೋ ಔಷಧಿ ಗಿಡದ ಸೊಪ್ಪಿನ ಪಾಯಸ ಮಾಡುತ್ತಾರೆ. ಆ ಪಾಯಸ ನನ್ನ ಹೆಂಡತಿಯದೇ ಕೆಲಸ. ಮೊದಲ ವರ್ಷ ಬಾಗಿಲು ಹಾಕಿಕೊಂಡು ಮಲಗಿದ್ದೆ. ಹೋದ ವರ್ಷ ನಾನೇ ಸೊಪ್ಪು ಕುದಿಸಿ ಆ ನೇರಳೆ ನೀರಲ್ಲಿ ಅಕ್ಕಿ ಬೇಯಿಸಿದೆ. ಬೆಲ್ಲ ಜಾಸ್ತಿ ಆಗಿತ್ತು. ತಂಗಿ ಮಕ್ಕಳು ಬಂದು ಪಾತ್ರೆ ಖಾಲಿ ಮಾಡಿ, "ಅತ್ತೆ ಕಾಯಿತುರಿ ಹಾಕ್ತಿದ್ರು ಮಾವ" ಅಂದರು.