ಟ್ಯೂಬಿಂಗೆನ್‌ಗೆ ಓದಲು ಬರುವವರಿಗೆ

ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಬಸ್ಸಿಳಿದು ಯೂನಿವರ್ಸಿಟಿ ಎಲ್ಲಿ ಅಂತ ಕೇಳಿದರೆ, 'ಯಾವ ವಿಭಾಗ?' ಅಂತ ವಾಪಸ್ ಪ್ರಶ್ನೆ ಬರುತ್ತದೆ. ಕಾಂಪೌಂಡಿಲ್ಲ, ಗೇಟಿಲ್ಲ. 1477ರಲ್ಲಿ ಶುರುವಾದ ಈ ಯೂನಿವರ್ಸಿಟಿ ಊರಿನ ತುಂಬ ಹರಡಿಕೊಂಡಿದೆ. ಗುಡ್ಡದ ಮೇಲಿನ ಕೋಟೆಯಲ್ಲೂ ಅದರ ವಿಭಾಗಗಳಿವೆ. ಈಗ ಡಿಎನ್‌ಎ ಎನ್ನುವ ವಸ್ತುವನ್ನು 1869ರಲ್ಲಿ ಫ್ರೀಡ್ರಿಖ್ ಮೀಶರ್ ಮೊದಲು ಬೇರ್ಪಡಿಸಿದ್ದು ಆ ಕೋಟೆಯ ಹಳೇ ಅಡುಗೆಮನೆಯಲ್ಲೇ. ವಿಜ್ಞಾನದ ತರಗತಿಗಳು ಹೆಚ್ಚಾಗಿ ನಡೆಯುವುದು ಎತ್ತರದಲ್ಲಿರುವ ಮೋರ್ಗೆನ್‌ಸ್ಟೆಲ್ಲೆ ಎಂಬ ಜಾಗದಲ್ಲಿ. ಸಾಹಿತ್ಯ, ಇತಿಹಾಸದವರಿಗೆ ಕೆಳಗಿನ ಪೇಟೆಯೇ ಕ್ಯಾಂಪಸ್ಸು.

ನಮಗೂ ಈ ಊರಿಗೂ ಹಳೇ ನಂಟಿದೆ. ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಓದಿದ್ದು ಇಲ್ಲಿ. ಕನ್ನಡ ನಿಘಂಟಿನ ಕಿಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದೂ ಇದೇ ಯೂನಿವರ್ಸಿಟಿ. ಅವರು 1903ರಲ್ಲಿ ತೀರಿಕೊಂಡದ್ದೂ ಇಲ್ಲೇ.

ಇನ್ನು ದುಡ್ಡಿನ ವಿಷಯ. ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಈ ಊರಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ, ಯುರೋಪ್ ಒಕ್ಕೂಟದ ಹೊರಗಿನಿಂದ ಡಿಗ್ರಿ, ಮಾಸ್ಟರ್ಸ್‌ಗೆ ಬರುವವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು ಹಾಕಿತು. ಪಿಎಚ್‌ಡಿಗೆ ಅದಿಲ್ಲ. ಎಲ್ಲರೂ ಕಟ್ಟುವ ಸೆಮಿಸ್ಟರ್ ಶುಲ್ಕ ಬೇರೆ.

ನಿಜವಾದ ತಲೆನೋವು ಮನೆ. ಸುಮಾರು 90 ಸಾವಿರ ಜನರ ಊರಿನಲ್ಲಿ 25 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳು! ಸೀಟು ಸಿಕ್ಕಿತು ಎಂದರೆ ಹಾಸ್ಟೆಲೂ ಸಿಕ್ಕಿತು ಅಂತಲ್ಲ. ಹಾಸ್ಟೆಲು, ಮೆನ್ಸಾ ಎಂಬ ಕ್ಯಾಂಟೀನು ಎರಡನ್ನೂ ನಡೆಸುವುದು ಸ್ಟುಡೀರೆಂಡೆನ್‌ವೆರ್ಕ್ ಎಂಬ ಬೇರೆ ಸಂಸ್ಥೆ. ಅಲ್ಲಿಗೆ ನೀವೇ ಅರ್ಜಿ ಹಾಕಬೇಕು, ಅದೂ ಬೇಗ. ಇಲ್ಲದಿದ್ದರೆ ವೇಗೆ, ಅಂದರೆ ನಾಲ್ಕೈದು ಜನ ಹಂಚಿಕೊಂಡಿರುವ ಮನೆಯಲ್ಲಿ ಒಂದು ರೂಮು. ಅಲ್ಲಿ ಇರುವವರೇ ನಿಮ್ಮನ್ನು ಮಾತಾಡಿಸಿ ನೋಡುತ್ತಾರೆ, ಹೆಚ್ಚುಕಡಿಮೆ ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಅಡುಗೆ ಮಾಡುತ್ತೀರಾ, ಪಾತ್ರೆ ತೊಳೆಯುತ್ತೀರಾ ಅಂತೆಲ್ಲ ಕೇಳುತ್ತಾರೆ. ನಾಚಬೇಡಿ, ಸಾರು ಮಾಡಲು ಬರುತ್ತದೆ ಅಂತ ಹೇಳಿಬಿಡಿ. ನೋಡದ ರೂಮಿಗೆ ಮುಂಗಡ ಮಾತ್ರ ಕಳಿಸಬೇಡಿ. ಮನೆ ಸೇರಿದ ಎರಡು ವಾರದೊಳಗೆ ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ಅದನ್ನು ಕೊಡಲು ಹಿಂದೆಮುಂದೆ ನೋಡುವವರ ಮನೆ ಬೇಡವೇ ಬೇಡ.

ಟೈಮ್‌ಟೇಬಲ್‌ನಲ್ಲಿ 10ರ ಮುಂದೆ 'ಸಿ.ಟಿ.' ಎಂದಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಕ್ಕೆ. 'ಎಸ್.ಟಿ.' ಎಂದಿದ್ದರೆ ಹತ್ತು ಅಂದರೆ ಹತ್ತೇ. ವೀಸಾ ಆಫೀಸಿನ ಅಪಾಯಿಂಟ್‌ಮೆಂಟಿಗೆ ಈ ಕಾಲು ಗಂಟೆಯ ರಿಯಾಯಿತಿ ಇಲ್ಲ.