ಹೊಸಬರೊಂದಿಗೆ ಒಂದು ದಿನದ ಸ್ನೋಮೊಬೈಲ್ ಸವಾರಿ: ಬಾಡಿಗೆಯಿಂದ ವಾಪಸಾತಿವರೆಗೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ದ್ವಾರಕ್ಕೆ ಅಂಟಿಕೊಂಡಂತೆ ವೆಸ್ಟ್ ಯೆಲ್ಲೋಸ್ಟೋನ್ ಎಂಬ ಪುಟ್ಟ ಊರಿದೆ. ಚಳಿಗಾಲದಲ್ಲಿ ಅಲ್ಲಿನ ಬೀದಿಗಳಲ್ಲಿ ಕಾರುಗಳ ಪಕ್ಕದಲ್ಲೇ, ಮುಂದೆ ಹಿಮಹಲಗೆಗಳೂ ಕೆಳಗೆ ಸುತ್ತುವ ಪಟ್ಟಿಯೂ ಇದ್ದು ಹಿಮದ ಮೇಲೆ ಸ್ಕೂಟರಿನಂತೆ ಓಡಿಸುವ ಸ್ನೋಮೊಬೈಲ್‌ಗಳೂ ಓಡಾಡುತ್ತವೆ ಮತ್ತು ಅವುಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿಗಳು ಹಲವಾರಿವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮನೆಮಂದಿಯನ್ನೋ ಸಹೋದ್ಯೋಗಿಗಳನ್ನೋ ಕಟ್ಟಿಕೊಂಡು ಇಲ್ಲಿಗೆ ಹೊರಡುವುದಾದರೆ, ಗುಂಪಿನಲ್ಲಿ ಬಹುತೇಕರು ಈ ಯಂತ್ರವನ್ನು ಹಿಂದೆಂದೂ ಮುಟ್ಟಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ಆದ್ದರಿಂದ ದಾರಿ, ದೂರ, ವೇಗ ಎಲ್ಲವನ್ನೂ ಗುಂಪಿನಲ್ಲಿ ಅತಿ ಹೆಚ್ಚು ಅಳುಕುವವರ ಅಳತೆಗೆ ಹೊಂದಿಸಿ ಯೋಜಿಸುವುದು ಒಳ್ಳೆಯದು. ಚೆನ್ನಾಗಿ ಓಡಿಸಬಲ್ಲವರಿಗೆ ಅದರಿಂದ ಸ್ವಲ್ಪ ಬೇಸರವಾದರೂ ಚಿಂತೆಯಿಲ್ಲ.

ಮೊದಲ ನಿರ್ಧಾರ ದಾರಿಯದು. ಉದ್ಯಾನದೊಳಗಿನ ರಸ್ತೆಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಕಾರುಗಳಿಗೆ ಮುಚ್ಚಿರುತ್ತವೆ. ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಅವುಗಳ ಮೇಲಿನ ಹಿಮವನ್ನು ಯಂತ್ರಗಳಿಂದ ಒತ್ತಿ ಸಮತಟ್ಟು ಮಾಡಿ ಸ್ನೋಮೊಬೈಲ್‌ಗಳಿಗೆ ಬಿಡುತ್ತಾರೆ. ಒಳಗೆ ಹೋಗಲು ಪರವಾನಗಿ ಪಡೆದ ಸಂಸ್ಥೆಯ ಗೈಡ್ ಜೊತೆಗಿರಬೇಕು, ಇಲ್ಲವೇ ಲಾಟರಿಯಲ್ಲಿ ಸಿಗುವ ಸೀಮಿತ ಸಂಖ್ಯೆಯ ಖಾಸಗಿ ಅನುಮತಿಯೊಂದು ನಿಮ್ಮ ಕೈಯಲ್ಲಿರಬೇಕು. ಓಡಿಸುವ ಪ್ರತಿಯೊಬ್ಬರ ಬಳಿಯೂ ಪೂರ್ಣ ಚಾಲನಾ ಪರವಾನಗಿ ಇರಲೇಬೇಕು. ಕಲಿಕಾ ಪರವಾನಗಿ ನಡೆಯುವುದಿಲ್ಲ. ಊರಿನಿಂದ ಭೇಟಿಗೆ ಬಂದವರ ಬಳಿ ಭಾರತದ ಪರವಾನಗಿ ಮಾತ್ರ ಇದ್ದರೆ, ಮುಂಗಡ ಕಟ್ಟುವ ಮೊದಲೇ ಅಂಗಡಿಯವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಉದ್ಯಾನದ ಹೊರಗಿನ ರಾಷ್ಟ್ರೀಯ ಅರಣ್ಯದ ಟ್ರೇಲ್‌ಗಳಲ್ಲಿ ಗೈಡ್ ಕಡ್ಡಾಯವಿಲ್ಲ, ಬಾಡಿಗೆಯ ಯಂತ್ರವನ್ನು ಸ್ವತಂತ್ರವಾಗಿ ಒಯ್ಯಬಹುದು. ಮೊಂಟಾನಾ ಮತ್ತು ಐಡಾಹೊ ಗಡಿಯ ಬೆಟ್ಟಗಳ ಮೇಲೆ ಹಾಯುವ ಟೂ ಟಾಪ್ ಟ್ರೇಲ್ ಇಂಥದ್ದು. ಹಿಮ ಮೆತ್ತಿಕೊಂಡು ಆಕಾರವೇ ಬದಲಾದ ಅಲ್ಲಿನ ಮರಗಳನ್ನು ನೋಡಲೆಂದೇ ಜನ ಹೋಗುತ್ತಾರೆ.

ಹೊಸಬರಿರುವ ಗುಂಪಿಗೆ ಉದ್ಯಾನದ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ವೇಗದ ಮಿತಿ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿ.ಮೀ. ದಾರಿ ಅಗಲವಾಗಿದ್ದು, ಮುಂದೆ ಗೈಡ್ ಇರುತ್ತಾರೆ. ಸುಮಾರು 23 ಕಿ.ಮೀ. ದೂರದ ಮ್ಯಾಡಿಸನ್‌ನಲ್ಲಿ ಮೈ ಬೆಚ್ಚಗೆ ಮಾಡಿಕೊಳ್ಳಲು ಕೊಠಡಿಯಿದೆ. ಸುಮಾರು 48 ಕಿ.ಮೀ. ದೂರದ ಓಲ್ಡ್ ಫೇತ್‌ಫುಲ್‌ನಲ್ಲಿ ಊಟ ಸಿಗುತ್ತದೆ, ಸರಿಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುವ ಬಿಸಿನೀರಿನ ಬುಗ್ಗೆಯೂ ಇದೆ. ಬೆನ್ನುನೋವು ಇರುವವರು, ಗರ್ಭಿಣಿಯರು ಮತ್ತು ಚಳಿ ತಡೆಯದ ಹಿರಿಯರು ಸ್ನೋಮೊಬೈಲ್ ಹತ್ತುವುದು ಬೇಡ. ಅದೇ ಜಾಗಕ್ಕೆ ಸ್ನೋಕೋಚ್ ಎಂಬ, ಹಿಮದ ಮೇಲೆ ಓಡುವ ಮುಚ್ಚಿದ ವಾಹನಗಳು ಹೋಗುತ್ತವೆ. ಅವರನ್ನು ಅದರಲ್ಲಿ ಕಳುಹಿಸಿ ಊಟಕ್ಕೆ ಎಲ್ಲರೂ ಒಂದೆಡೆ ಸೇರಬಹುದು.

ಕಾದಿರಿಸುವಾಗ ಯಂತ್ರಗಳ ಸಂಖ್ಯೆಯ ಪ್ರಶ್ನೆ ಬರುತ್ತದೆ. ಇಬ್ಬರಿಗೊಂದು ತೆಗೆದುಕೊಂಡರೆ ಹಣ ಉಳಿಯುತ್ತದೆ, ನಿಜ. ಆದರೆ ಮೊದಲ ಸಲ ಓಡಿಸುವವರ ಹಿಂದೆ ಇನ್ನೊಬ್ಬ ಹೊಸಬರನ್ನು ಕೂರಿಸುವುದು ಸರಿಯಲ್ಲ, ಏಕೆಂದರೆ ತಿರುವಿನಲ್ಲಿ ಹಿಂದಿನವರು ಹೆದರಿ ಎದುರು ದಿಕ್ಕಿಗೆ ವಾಲಿದರೆ ಯಂತ್ರದ ಸಮತೋಲನವೇ ತಪ್ಪುತ್ತದೆ. ಅನುಭವಿ ಚಾಲಕರ ಹಿಂದೆ ಹೊಸಬರು ಕೂರಲಿ. ಉಳಿದವರಿಗೆ ಒಂದೊಂದು ಯಂತ್ರವಿರಲಿ. ಬಾಡಿಗೆಯಲ್ಲಿ ಹೆಲ್ಮೆಟ್, ಚಳಿಯುಡುಪು, ಬೂಟು, ಇಂಧನ ಸೇರಿವೆಯೇ, ಹಾನಿಯಾದರೆ ಯಾವ ಮಿತಿಯವರೆಗೆ ನೀವು ಹೊಣೆ, ಕ್ರೆಡಿಟ್ ಕಾರ್ಡ್‌ನಲ್ಲಿ ಎಷ್ಟು ಹಣ ತಡೆಹಿಡಿಯುತ್ತಾರೆ ಎಂಬುದನ್ನು ಕೇಳಿ ತಿಳಿಯಿರಿ. ಪ್ರವಾಸ ವಿಮೆ ಮಾಡಿಸಿದ್ದರೆ ಅದು ಮೋಟಾರು ಚಾಲಿತ ಹಿಮಕ್ರೀಡೆಗೆ ಅನ್ವಯಿಸುತ್ತದೆಯೇ ಎಂದು ಒಮ್ಮೆ ಓದಿ ನೋಡಿ.

ಉಡುಪಿನ ವಿಷಯದಲ್ಲಿ ಹತ್ತಿ ಬೇಡ. ಬೆವರು ಹೀರಿ ಒದ್ದೆಯಾದ ಬನಿಯನ್ ದಿನವಿಡೀ ಮೈಯನ್ನು ತಣ್ಣಗಾಗಿಸುತ್ತದೆ. ಮೈಗೆ ಹತ್ತುವಂತೆ ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ, ಅದರ ಮೇಲೆ ಬೆಚ್ಚನೆಯ ಇನ್ನೊಂದು ಪದರ, ಹೊರಗೆ ಗಾಳಿ ತಡೆಯುವ ಬಾಡಿಗೆಯ ಉಡುಪು. ಗಾಳಿಯಿಲ್ಲದ ದಿನ ಉಷ್ಣಾಂಶ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇದ್ದರೂ, ಗಂಟೆಗೆ 56 ಕಿ.ಮೀ. ವೇಗದಲ್ಲಿ ಸಾಗುವವರ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 33 ಡಿಗ್ರಿಯಂತೆ ತಾಗುತ್ತದೆ. ಹಿಡಿಗಳಲ್ಲಿ ಬಿಸಿ ಮಾಡುವ ವ್ಯವಸ್ಥೆ ಇರುವುದರಿಂದ ಕೈ ಹೇಗೋ ಉಳಿಯುತ್ತದೆ; ಮೊದಲು ಸೋಲುವುದು ಹೆಲ್ಮೆಟ್ ಮತ್ತು ಕೊರಳಪಟ್ಟಿಯ ನಡುವಿನ ಬೆರಳಗಲದ ಜಾಗ. ಅದನ್ನು ಮುಚ್ಚುವ ಮುಖಗವಸನ್ನು ಪ್ರತಿಯೊಬ್ಬರಿಗೂ ಕೊಳ್ಳಿ. ಎತ್ತರದ ಊರಾದ್ದರಿಂದ ನೀರನ್ನು ಮರೆಯದೆ ಕುಡಿಯಬೇಕು, ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಬೇಕು.

ಅಂಗಡಿಯ ಮುಂದೆ ಯಂತ್ರ ಸಿದ್ಧವಾದ ಮೇಲೆ ನೇರವಾಗಿ ದಾರಿಗಿಳಿಯಬೇಡಿ. ಸುತ್ತಲೂ ಒಂದು ವಿಡಿಯೊ ತೆಗೆದುಕೊಂಡು, ಹಳೆಯ ಬಿರುಕು, ಗೀರುಗಳನ್ನು ಅಂಗಡಿಯವರಿಗೆ ತೋರಿಸಿ ಪತ್ರದಲ್ಲಿ ಬರೆಸಿ. ನಂತರ ಬಯಲಿನಲ್ಲಿ ಅಭ್ಯಾಸಕ್ಕೆ ಸಮಯ ಕೊಡಿ; ಇಡೀ ದಿನದಲ್ಲಿ ಅತ್ಯಂತ ಮುಖ್ಯವಾದ ಕೆಲಸ ಇದೇ. ಸ್ನೋಮೊಬೈಲ್‌ನಲ್ಲಿ ಗೇರ್ ಬದಲಿಸುವ ಗೊಡವೆಯಿಲ್ಲ. ಬ್ರೇಕ್ ಎಡಗೈಯಲ್ಲಿದೆ. ಆಕ್ಸಿಲರೇಟರ್ ಬಲಗೈಯಲ್ಲಿದ್ದರೂ ಅದನ್ನು ಸ್ಕೂಟರಿನಂತೆ ತಿರುಚುವುದಲ್ಲ, ಹೆಬ್ಬೆರಳಿನಿಂದ ಒತ್ತುವುದು. ನಮ್ಮ ರಸ್ತೆಗಳಲ್ಲಿ ಸ್ಕೂಟರ್ ಓಡಿಸಿ ರೂಢಿಯಾದವರಿಗೆ ಇಲ್ಲೇ ಅಪಾಯ. ಗಾಬರಿಯಾದ ಕ್ಷಣ ಬಲಗೈ ತಾನಾಗಿಯೇ ಬ್ರೇಕ್ ಹುಡುಕುತ್ತಾ ಹಿಡಿಯನ್ನು ಬಿಗಿಯಾಗಿ ಅಮುಕುತ್ತದೆ, ನಾಲ್ಕು ಬೆರಳುಗಳ ಜೊತೆ ಹೆಬ್ಬೆರಳೂ ಮಡಚಿಕೊಳ್ಳುತ್ತದೆ, ನಿಲ್ಲಬೇಕಿದ್ದ ಯಂತ್ರ ಮುಂದಕ್ಕೆ ನೆಗೆಯುತ್ತದೆ. ಹಾಗಾಗಿ ಪ್ರತಿಯೊಬ್ಬರಿಂದಲೂ ಹೆಬ್ಬೆರಳು ಬಿಟ್ಟು ಎಡಗೈ ಒತ್ತಿ ನಿಲ್ಲಿಸುವ ಅಭ್ಯಾಸವನ್ನು, ಅದು ಯೋಚಿಸದೆಯೇ ಬರುವಷ್ಟು ಸಲ ಮಾಡಿಸಿ. ಎಂಜಿನ್ ತಕ್ಷಣ ನಿಲ್ಲಿಸುವ ಕೆಂಪು ಕಿಲ್ ಸ್ವಿಚ್ ಎಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿ ತೋರಿಸಬೇಕು. ಸುರಕ್ಷಾ ಹಗ್ಗವಿದ್ದರೆ ಅದರ ಕೊಕ್ಕೆಯನ್ನು ಉಡುಪಿಗೆ ಸಿಕ್ಕಿಸಿಕೊಳ್ಳಬೇಕು. ಸವಾರರು ಬಿದ್ದರೆ ಹಗ್ಗ ಕಳಚಿ ಎಂಜಿನ್ ನಿಲ್ಲುತ್ತದೆ. ತಿರುವಿನಲ್ಲಿ ಒಳಬದಿಗೆ ವಾಲುವುದನ್ನೂ, ಮರವನ್ನು ನೋಡದೆ ಹೋಗಬೇಕಾದ ಕಡೆಗೇ ಕಣ್ಣಿಡುವುದನ್ನೂ ಇದೇ ಹೊತ್ತಿನಲ್ಲಿ ಕಲಿಸಬಹುದು.

ದಾರಿಯಲ್ಲಿ ಸಾಲು ಮುಖ್ಯ. ಮುಂದೆ ಗೈಡ್, ಅವರ ಹಿಂದೆಯೇ ಅತಿ ಹೊಸಬರು, ಕೊನೆಯಲ್ಲಿ ಅನುಭವಿಯೊಬ್ಬರು. ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುತ್ತಿದ್ದಾರೆಯೇ ಎಂದು ನೋಡುತ್ತಿರಬೇಕು, ಕಾಣದಿದ್ದರೆ ನಿಲ್ಲಬೇಕು. ಬಲಗೈಗೆ ಆಕ್ಸಿಲರೇಟರ್ ಕೆಲಸವಿರುವುದರಿಂದ ಸನ್ನೆಗಳೆಲ್ಲ ಎಡಗೈಯವು. ಕಾಡೆಮ್ಮೆಯಂತಹ ದೈತ್ಯ ಬೈಸನ್‌ಗಳು ಆಳವಾದ ಹಿಮದಲ್ಲಿ ದಣಿಯುವ ಬದಲು ಇದೇ ರಸ್ತೆಯಲ್ಲಿ ನಡೆದು ಬರುವುದುಂಟು. ಅವುಗಳಿಂದ ಕನಿಷ್ಠ 23 ಮೀಟರ್, ತೋಳ ಮತ್ತು ಕರಡಿಗಳಿಂದ 91 ಮೀಟರ್ ದೂರವಿರಬೇಕೆಂಬುದು ಉದ್ಯಾನದ ನಿಯಮ. ಎದುರಿಗೆ ಬಂದರೆ ಗೈಡ್ ಹೇಳಿದಲ್ಲಿ ಬದಿಗೆ ನಿಂತು, ಅವು ದಾಟುವವರೆಗೆ ಕಾಯಿರಿ. ಫೋಟೊಗಾಗಿ ಯಂತ್ರದಿಂದ ಇಳಿದು ಹತ್ತಿರ ಹೋಗುವುದು ಖಂಡಿತ ಬೇಡ.

ಅರಣ್ಯದ ಟ್ರೇಲ್ ಆರಿಸಿಕೊಂಡವರಿಗೆ ಇನ್ನೆರಡು ಮಾತು. ಯಂತ್ರ ಮೆತ್ತನೆಯ ಹಿಮದಲ್ಲಿ ಹೂತರೆ ಹೆಬ್ಬೆರಳು ಒತ್ತಿದಷ್ಟೂ ಕೆಳಗಿನ ಪಟ್ಟಿ ಗುಂಡಿ ತೋಡುತ್ತದೆ. ಎಂಜಿನ್ ನಿಲ್ಲಿಸಿ, ಮುಂದಿನ ಹಿಮವನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿ, ಇಬ್ಬರು ಮುಂದಿನ ಹಿಮಹಲಗೆಗಳನ್ನು ಪಕ್ಕದಿಂದ ಎಳೆಯುತ್ತಿರುವಾಗ ನಿಧಾನವಾಗಿ ಚಲಾಯಿಸಿ. ಎರಡನೆಯದು ಹಿಮಕುಸಿತ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಅದರ ಅಪಾಯ ಹೆಚ್ಚು. ಗ್ಯಾಲಟಿನ್ ಹಿಮಕುಸಿತ ಕೇಂದ್ರ ಚಳಿಗಾಲದಲ್ಲಿ ಪ್ರತಿದಿನ ಮುನ್ಸೂಚನೆ ಹೊರಡಿಸುತ್ತದೆ. ಅದನ್ನು ಓದಿದ ಮೇಲೂ ಹೊಸಬರನ್ನು ಗುರುತು ಹಾಕಿದ ಟ್ರೇಲ್ ಬಿಟ್ಟು ಇಳಿಜಾರಿಗೆ ಬಿಡಬೇಡಿ.

ಕತ್ತಲಾಗುವ ಮೊದಲೇ ಅಂಗಡಿಗೆ ಮರಳುವಂತೆ ಹೊರಡಿ; ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಬೆಳಕು ಹೋಗಿರುತ್ತದೆ. ಒಪ್ಪಂದದಲ್ಲಿದ್ದರೆ ಇಂಧನ ತುಂಬಿಸಿ, ಬೆಳಗಿನ ವಿಡಿಯೊದೊಂದಿಗೆ ಹೋಲಿಸಿ ಯಂತ್ರವನ್ನು ಅಂಗಡಿಯವರ ಎದುರಿಗೇ ಪರೀಕ್ಷಿಸಿ ಸಹಿ ಪಡೆಯಿರಿ. ಬೋಜ್‌ಮನ್ ವಿಮಾನ ನಿಲ್ದಾಣ ಇಲ್ಲಿಂದ ಸುಮಾರು 145 ಕಿ.ಮೀ. ದೂರದಲ್ಲಿದ್ದು, ರಾತ್ರಿ ಹಿಮಗಟ್ಟಿದ ರಸ್ತೆಯಲ್ಲಿ ಪ್ರಾಣಿಗಳು ಅಡ್ಡ ಬರುವುದುಂಟು. ದಣಿದ ಮೈಯಲ್ಲಿ ಕಾರು ಹತ್ತದೆ, ಆ ರಾತ್ರಿಗೆ ಊರಿನಲ್ಲೇ ಕೋಣೆ ಕಾದಿರಿಸಿ, ವಿಮಾನದ ಟಿಕೆಟ್ಟನ್ನು ಮರುದಿನದ ಮಧ್ಯಾಹ್ನಕ್ಕೆ ಕೊಳ್ಳಿ.